ಎಲಿಹು ಯೇಲ್: ಒಂದು ಹೆಸರಿನ ವಂಶಾವಳಿ

ವಂಶಾವಳಿಯನ್ನು ಹೇಳುವ ಮತ್ತು ಕೇಳುವ ಪರಂಪರೆ ಕನ್ನಡಿಗರಿಗೆ ಹೊಸದಲ್ಲ. ಶಾಸನಗಳು ದಾನವನ್ನು ಹೇಳುವ ಮೊದಲು ದಾನಿಯ ಕುಲವನ್ನು ಹೇಳುತ್ತವೆ. ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಸಾಗುವ ಹೆಳವರು ಒಂದೊಂದು ಮನೆತನದ ಹಲವು ತಲೆಮಾರುಗಳನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಈ ಎರಡು ಪರಂಪರೆಗಳಲ್ಲಿಯೂ ಒಂದು ಸಾಮಾನ್ಯ ಲಕ್ಷಣ ಕಾಣುತ್ತದೆ. ತಂದೆಯಿಂದ ಮಗನಿಗೆ ಇಳಿಯುವ ಎಳೆಯೇ ಅಲ್ಲಿ ಮುಖ್ಯ. ಹೆಣ್ಣುಮಕ್ಕಳು, ಮದುವೆಯ ಹೊರಗೆ ಹುಟ್ಟಿದವರು, ಮನೆಯ ಆಳುಕಾಳುಗಳು ಆ ಎಳೆಯ ಆಚೆಗೆ ಉಳಿದುಬಿಡುತ್ತಾರೆ. ಆದುದರಿಂದ ಯಾವುದೇ ವಂಶಾವಳಿಯನ್ನು ಓದುವಾಗ ಅದು ಯಾರನ್ನು ಹೇಳುತ್ತದೆ ಎಂಬುದರಷ್ಟೇ ಯಾರನ್ನು ಹೇಳದೆ ಬಿಡುತ್ತದೆ ಎಂಬುದೂ ವಿಚಾರಣೀಯವಾಗುತ್ತದೆ.

ಈ ದೃಷ್ಟಿಯಿಂದ ಎಲಿಹು ಯೇಲನ ಜೀವನ ವಿಶೇಷ ಪರಿಶೀಲನೆಗೆ ಅರ್ಹವಾದುದು. ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಸಂಪತ್ತು ಗಳಿಸಿ, ಲಂಡನ್ನಿನಲ್ಲಿ ತೀರಿಕೊಂಡು, ವೇಲ್ಸಿನ ಮಣ್ಣಿನಲ್ಲಿ ಸಮಾಧಿಯಾದ ಈತನ ಹೆಸರು ಇಂದು ಜಗತ್ತಿನ ಪ್ರಸಿದ್ಧ ವಿಶ್ವವಿದ್ಯಾನಿಲಯಗಳಲ್ಲೊಂದಕ್ಕೆ ಇದೆ. ಆದರೆ ಆ ಹೆಸರನ್ನು ಮುಂದಕ್ಕೆ ಒಯ್ಯಬಲ್ಲ ಮಗನೊಬ್ಬನೂ ಅವನಿಗೆ ಉಳಿಯಲಿಲ್ಲ. ರಕ್ತದ ವಂಶಾವಳಿ ಮತ್ತು ಹೆಸರಿನ ವಂಶಾವಳಿ ಇವೆರಡೂ ಬೇರೆಬೇರೆ ದಾರಿ ಹಿಡಿದ ಅಪರೂಪದ ನಿದರ್ಶನ ಇದು.

1

ಯೇಲ್ ಎಂಬ ಹೆಸರು ಮೂಲತಃ ವ್ಯಕ್ತಿಯದಲ್ಲ, ನಾಡಿನದು. ಉತ್ತರ ವೇಲ್ಸಿನ ಡೆನ್ಬಿಶೈರ್ ಪ್ರಾಂತದಲ್ಲಿ ಯಾಲ್ ಎಂಬ ಗುಡ್ಡಗಾಡಿನ ಸೀಮೆಯಿದೆ. ವೇಲ್ಸಿನ ಜನರಲ್ಲಿ ಮೊದಲಿಗೆ ಸ್ಥಿರವಾದ ಮನೆತನದ ಹೆಸರುಗಳು ಇರಲಿಲ್ಲ. ಒಬ್ಬನ ಹೆಸರಿನ ಮುಂದೆ ಇಂಥವನ ಮಗ ಎಂಬರ್ಥದ ಆಪ್ ಎಂಬ ಪದವನ್ನು ಸೇರಿಸಿ ತಂದೆಯ ಹೆಸರನ್ನೂ ಅಜ್ಜನ ಹೆಸರನ್ನೂ ಜೋಡಿಸುತ್ತ ಹೋಗುವುದು ಅಲ್ಲಿಯ ಪದ್ಧತಿ. ಹೀಗೆ ಪ್ರತಿ ತಲೆಮಾರಿನಲ್ಲಿಯೂ ಹೆಸರಿನ ಕೊನೆ ಬದಲಾಗುತ್ತಿತ್ತು. ಇಂಗ್ಲೆಂಡಿನ ಆಡಳಿತ, ನ್ಯಾಯಾಲಯ ಮತ್ತು ಆಸ್ತಿಪತ್ರಗಳ ಒತ್ತಡ ಹೆಚ್ಚಿದಂತೆ ಹದಿನಾರನೆಯ ಶತಮಾನದಲ್ಲಿ ಅನುಕೂಲವಂತ ಮನೆತನಗಳು ಸ್ಥಿರನಾಮಗಳನ್ನು ಆರಿಸಿಕೊಂಡವು. ಪ್ಲಾಸ್ ಅನ್ ಯಾಲ್ ಎಂಬ ಹಿರಿಮನೆಗೆ ಸೇರಿದ ಕುಟುಂಬ ತನ್ನ ಸೀಮೆಯ ಹೆಸರನ್ನೇ ತನ್ನ ಹೆಸರಾಗಿ ಸ್ವೀಕರಿಸಿತು. ಊರಿನ ಹೆಸರನ್ನೇ ಅಡ್ಡಹೆಸರಾಗಿ ಧರಿಸುವ ರೂಢಿಯುಳ್ಳ ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ.

ಎಲಿಹುವಿನ ಮುತ್ತಜ್ಜ ಡೇವಿಡ್ ಯೇಲ್ ಚೆಸ್ಟರ್ ಧರ್ಮಪ್ರಾಂತದ ಚಾನ್ಸಲರ್ ಆಗಿದ್ದನು. ಅವನ ಮಗ ತಾಮಸ್ ಯೇಲ್, ಚೆಸ್ಟರಿನ ಬಿಷಪ್ ಜಾರ್ಜ್ ಲಾಯ್ಡನ ಮಗಳಾದ ಆ್ಯನಳನ್ನು ಮದುವೆಯಾದನು. ತಾಮಸ್ 1619ರಲ್ಲಿ ತೀರಿಕೊಂಡನು. ಮೂವರು ಮಕ್ಕಳ ತಾಯಿಯಾಗಿದ್ದ ವಿಧವೆ ಆ್ಯನ್ ಮುಂದೆ ಲಂಡನ್ನಿನ ವರ್ತಕ ಥಿಯೋಫಿಲಸ್ ಈಟನ್ ಎಂಬವನನ್ನು ವರಿಸಿದಳು. ಈಟನ್ ಪ್ಯೂರಿಟನ್ ಪಂಥದವನು. ಇಂಗ್ಲೆಂಡಿನ ಅಧಿಕೃತ ಧರ್ಮಸಭೆಯೊಡನೆ ಹೊಂದಿಕೊಳ್ಳಲಾರದ ಆ ಪಂಥದವರು ಅಟ್ಲಾಂಟಿಕ್ ಸಾಗರವನ್ನು ದಾಟಿ ಹೊಸ ನೆಲೆಗಳನ್ನು ಕಟ್ಟುತ್ತಿದ್ದ ಕಾಲವದು. 1637ರಲ್ಲಿ ಈಟನ್ ತನ್ನ ಕುಟುಂಬದೊಡನೆಯೂ ಪಾದ್ರಿ ಜಾನ್ ಡ್ಯಾವನ್‌ಪೋರ್ಟನ ಅನುಯಾಯಿಗಳೊಡನೆಯೂ ನ್ಯೂ ಇಂಗ್ಲೆಂಡಿಗೆ ಬಂದನು. ಮರುವರ್ಷ ಅವರು ನ್ಯೂ ಹೇವನ್ ವಸಾಹತನ್ನು ಸ್ಥಾಪಿಸಿದರು. ಈಟನ್ ಅದರ ಮೊದಲ ಗವರ್ನರ್ ಆಗಿ 1658ರಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದನು.

ಹೀಗೆ ಯೇಲ್ ಮನೆತನ ಅಮೆರಿಕವನ್ನು ತಲುಪಿದ್ದು ಗಂಡುಸಂತತಿಯ ಎಳೆಯಿಂದಲ್ಲ. ಸೊಸೆಯಾಗಿ ಬಂದು ವಿಧವೆಯಾದವಳೊಬ್ಬಳ ಮರುಮದುವೆಯ ಮೂಲಕ. ವಂಶಾವಳಿಗಳು ಈ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಆದರೆ ಆ್ಯನ್ ಈಟನ್ ಒಂದೇ ಸಾಲಿಗೆ ಒಗ್ಗುವ ಹೆಂಗಸಾಗಿರಲಿಲ್ಲ. ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯೆ ಎಂಬ ಪ್ರಶ್ನೆಯನ್ನು ಆಕೆ ಪುಸ್ತಕ ಓದಿ ಸ್ವತಂತ್ರವಾಗಿ ವಿಚಾರಿಸಿದಳು. ತನಗೆ ಒಪ್ಪಿಗೆಯಾಗದ ವಿಧಿ ನಡೆಯುವಾಗ ಗವರ್ನರನ ಹೆಂಡತಿಯಾಗಿದ್ದೂ ಪ್ರಾರ್ಥನಾ ಮಂದಿರದಿಂದ ಎದ್ದು ಹೊರನಡೆದಳು. ಧರ್ಮಸಭೆ ಆಕೆಯನ್ನು ವಿಚಾರಣೆಗೆ ಗುರಿಪಡಿಸಿ, ಮನೆಯೊಳಗಿನ ಜಗಳಗಳನ್ನೆಲ್ಲ ಆರೋಪಪಟ್ಟಿಗೆ ಸೇರಿಸಿ, 1645ರಲ್ಲಿ ಬಹಿಷ್ಕರಿಸಿತು. ಆಕೆಯ ಮಗಳು, ಅಂದರೆ ಎಲಿಹುವಿನ ಸೋದರತ್ತೆ ಆ್ಯನ್ ಯೇಲ್, ಕನೆಕ್ಟಿಕಟ್ ವಸಾಹತಿನ ಗವರ್ನರ್ ಎಡ್ವರ್ಡ್ ಹಾಪ್ಕಿನ್ಸನ ಹೆಂಡತಿ. ಈಕೆ ಮಾನಸಿಕ ಅಸ್ವಸ್ಥತೆಗೆ ತುತ್ತಾದಾಗ ಮ್ಯಾಸಚೂಸೆಟ್ಸಿನ ಗವರ್ನರ್ ಜಾನ್ ವಿಂತ್ರಾಪ್ ಅದಕ್ಕೆ ಕಾರಣ ಹೆಂಗಸಾಗಿ ಅತಿಯಾಗಿ ಓದಿದ್ದು, ಬರೆದದ್ದು ಎಂದು ತನ್ನ ದಿನಚರಿಯಲ್ಲಿ ತೀರ್ಮಾನ ಕೊಟ್ಟನು. ಮುಂದೆ ವಿದ್ಯೆಯ ಹೆಸರಿನಲ್ಲಿ ಪ್ರಸಿದ್ಧವಾಗಲಿದ್ದ ಮನೆತನದ ಇಬ್ಬರು ಹೆಂಗಸರು ಓದಿದ ಕಾರಣಕ್ಕೇ ಹೀಗೆ ನಿಂದೆಗೆ ಪಾತ್ರರಾದರು.

2

ಆ್ಯನಳ ಮಗ ಡೇವಿಡ್ ಯೇಲ್ ನ್ಯೂ ಹೇವನ್ನಿನಲ್ಲಿ ಬಹುಕಾಲ ನಿಲ್ಲಲಿಲ್ಲ. ಬಾಸ್ಟನ್ನಿಗೆ ಬಂದು ವ್ಯಾಪಾರದಲ್ಲಿ ತೊಡಗಿ ಅರ್ಸುಲಾ ಎಂಬಾಕೆಯನ್ನು ಮದುವೆಯಾದನು. ಬಾಸ್ಟನ್ನಿನ ಧಾರ್ಮಿಕ ಆಡಳಿತವೂ ಅವನಿಗೆ ಹಿಡಿಸಲಿಲ್ಲ. ಪ್ಯೂರಿಟನ್ ಸಭೆಯ ಸದಸ್ಯರಲ್ಲದವರಿಗೂ ಪೌರ ಹಕ್ಕುಗಳು ದೊರೆಯಬೇಕೆಂದು ಕೇಳಿ 1646ರಲ್ಲಿ ರಾಬರ್ಟ್ ಚೈಲ್ಡ್ ಎಂಬವನ ನೇತೃತ್ವದಲ್ಲಿ ಸಲ್ಲಿಸಲಾದ ಮನವಿಗೆ ಸಹಿ ಹಾಕಿದ ಏಳು ಮಂದಿಯಲ್ಲಿ ಡೇವಿಡ್ ಒಬ್ಬನು. ಮನವಿದಾರರಿಗೆ ಸಿಕ್ಕಿದ್ದು ದಂಡನೆ. ಈ ವಾತಾವರಣದಲ್ಲಿ 1649ರ ಏಪ್ರಿಲ್ 5ರಂದು ಎಲಿಹು ಹುಟ್ಟಿದನು. ಬೈಬಲಿನ ಯೋಬನ ಗ್ರಂಥದಲ್ಲಿ ಬರುವ ಪಾತ್ರವೊಂದರ ಹೆಸರು ಅದು. 1652ರಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿತು. ಆಗ ಎಲಿಹುವಿಗೆ ಮೂರು ವರ್ಷ. ಆಮೇಲೆ ಅವನು ಅಮೆರಿಕದ ನೆಲವನ್ನು ಮತ್ತೆ ನೋಡಲೇ ಇಲ್ಲ.

ಅವನ ಚಿಕ್ಕಪ್ಪ ತಾಮಸ್ ಯೇಲ್ ಮಾತ್ರ ನ್ಯೂ ಹೇವನ್ ಸೀಮೆಯಲ್ಲಿ ನೆಲೆ ನಿಂತನು. ಅಮೆರಿಕದ ಯೇಲ್ ಮನೆತನದ ಕವಲುಗಳು ಬೆಳೆದದ್ದು ಈತನಿಂದ. ಇಂದು ಅಮೆರಿಕದಲ್ಲಿ ತಮ್ಮ ವಸಾಹತುಕಾಲದ ಪೂರ್ವಜರನ್ನು ಹುಡುಕುತ್ತ ಹೊರಡುವ ಯೇಲ್ ಹೆಸರಿನವರು ತಲುಪುವುದು ಸಾಮಾನ್ಯವಾಗಿ ಈ ತಾಮಸನನ್ನು; ಎಲಿಹು ಅವರಿಗೆ ಮೂಲಪುರುಷನಲ್ಲ, ದಾಯಾದಿ ಮಾತ್ರ. ನಮ್ಮ ಮನೆಬಾಗಿಲುಗಳಲ್ಲಿ ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಯೇಲ್ ಬೀಗವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಲೈನಸ್ ಯೇಲ್ ಕೂಡ ತಾಮಸನ ಕವಲಿನವನೇ.

3

ಲಂಡನ್ನಿನಲ್ಲಿ ಬೆಳೆದ ಎಲಿಹು ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ 1672ರ ಜೂನ್ ತಿಂಗಳಿನಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯನ್ನು ಸೇರಿದನು. ಆ ಕೋಟೆಯ ನೆಲ 1639ರಲ್ಲಿ, ವಿಜಯನಗರದ ಕೊನೆಯ ಅರಸರ ಕಾಲದಲ್ಲಿ, ದಾಮರ್ಲ ಮನೆತನದ ನಾಯಕನಿಂದ ಇಂಗ್ಲಿಷರಿಗೆ ದೊರೆತದ್ದು. ಪೇಟೆಯ ವ್ಯವಹಾರ ಇನ್ನೂ ವಿಜಯನಗರದ ಪರಂಪರೆಯಲ್ಲಿ ಬಂದ ವರಾಹ ನಾಣ್ಯದಲ್ಲಿಯೇ ನಡೆಯುತ್ತಿತ್ತು. ಗುಮಾಸ್ತನ ವಾರ್ಷಿಕ ವೇತನ ಹತ್ತು ಪೌಂಡು. ಆದರೆ ಕಂಪನಿಯ ನೌಕರರು ಸ್ವಂತ ವ್ಯಾಪಾರವನ್ನೂ ಮಾಡುತ್ತಿದ್ದರು. ಬಟ್ಟೆ, ಸಂಬಾರ ಪದಾರ್ಥ, ಎಲ್ಲಕ್ಕಿಂತ ಹೆಚ್ಚಾಗಿ ಗೋಲ್ಕೊಂಡದ ಗಣಿಗಳಿಂದ ಬರುತ್ತಿದ್ದ ವಜ್ರಗಳು ಅವರನ್ನು ಸಿರಿವಂತರನ್ನಾಗಿಸಿದವು. ಎಲಿಹು ಈ ಹಾದಿಯಲ್ಲಿ ಬೇಗನೆ ಮೇಲೇರಿದನು.

1680ರ ಅಕ್ಟೋಬರ್ 28ರಂದು ಕೋಟೆಯೊಳಗೆ ಸೇಂಟ್ ಮೇರಿ ಚರ್ಚಿನ ಪ್ರತಿಷ್ಠೆಯಾಯಿತು. ಅದರ ವಿವಾಹ ದಫ್ತರಿನಲ್ಲಿ ದಾಖಲಾಗಿರುವ ಮೊದಲ ಮದುವೆ ಅದೇ ನವೆಂಬರ್ 4ರಂದು ನಡೆದ ಎಲಿಹುವಿನದು. ವಧು ಕ್ಯಾಥರೀನ್, ಕೋಟೆಯ ಹಿರಿಯ ಅಧಿಕಾರಿಗಳಲ್ಲೊಬ್ಬನಾಗಿದ್ದ ಜೋಸೆಫ್ ಹಿನ್ಮರ್ಸನ ವಿಧವೆ. ಹಿನ್ಮರ್ಸ್ ಸತ್ತದ್ದು ಆ ವರ್ಷದ ಮೇ ತಿಂಗಳಿನಲ್ಲಿ. ಅಜ್ಜಿಯ ಮರುಮದುವೆಯಿಂದ ಅಮೆರಿಕವನ್ನು ಕಂಡ ಮನೆತನ ಮೊಮ್ಮಗ ವಿಧವೆಯೊಬ್ಬಳನ್ನು ವರಿಸಿದ್ದರಿಂದ ಮದರಾಸಿನಲ್ಲಿ ಬೇರೂರಿತು. ಹಿನ್ಮರ್ಸನ ಆಸ್ತಿ ಎಲಿಹುವಿನ ವ್ಯಾಪಾರಕ್ಕೆ ಬಲವಾಯಿತು.

ದಂಪತಿಗಳಿಗೆ ಕ್ಯಾಥರೀನ್, ಆ್ಯನ್, ಅರ್ಸುಲಾ ಎಂಬ ಮೂವರು ಹೆಣ್ಣುಮಕ್ಕಳು, ಡೇವಿಡ್ ಎಂಬ ಒಬ್ಬನೇ ಮಗ. ಹೆಸರುಗಳನ್ನು ಗಮನಿಸಿದರೆ ಮನೆತನದ ನೆನಪೆಲ್ಲ ಅಲ್ಲಿಯೇ ಇದೆ: ತಾಯಿಯ ಹೆಸರು, ಮುತ್ತಜ್ಜಿಯ ಹೆಸರು, ಅಜ್ಜಿಯ ಹೆಸರು, ಅಜ್ಜನ ಹೆಸರು. ಅಜ್ಜನ ಹೆಸರನ್ನು ಹೊತ್ತ ಡೇವಿಡ್ 1688ರ ಜನವರಿಯಲ್ಲಿ, ನಾಲ್ಕು ವರ್ಷ ತುಂಬುವ ಮೊದಲೇ ತೀರಿಕೊಂಡನು. ಕೋಟೆಯ ಹೊರಗಿನ ಇಂಗ್ಲಿಷರ ಸ್ಮಶಾನದಲ್ಲಿ, ಹೆಂಡತಿಯ ಮೊದಲ ಗಂಡ ಹಿನ್ಮರ್ಸನ ಸಮಾಧಿಯಲ್ಲಿಯೇ ಮಗುವನ್ನೂ ಇಡಲಾಯಿತು. ಮದುವೆಯಿಂದ ಮಾತ್ರ ಸಂಬಂಧಿತರಾದ ಇಬ್ಬರು, ಒಬ್ಬರನ್ನೊಬ್ಬರು ಎಂದೂ ಕಾಣದವರು, ಒಂದೇ ಗೋಪುರದ ಅಡಿಯಲ್ಲಿ ಮಲಗಿದರು. ಮುಂದೆ 1758–59ರಲ್ಲಿ ಫ್ರೆಂಚರು ಮದರಾಸನ್ನು ಮುತ್ತಿದಾಗ ಸ್ಮಶಾನದ ಗೋರಿಗಳು ಶತ್ರುಗಳಿಗೆ ಮರೆಯಾದುವೆಂದು ಆಮೇಲೆ ಅವುಗಳನ್ನು ಕೆಡವಿ, ಕಲ್ಲುಗಳನ್ನು ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಸಾಗಿಸಲಾಯಿತು. ಉಳಿಸಿದ ಕೆಲವೇ ಗೋರಿಗಳಲ್ಲಿ ಈ ಮೊನಚುಗೋಪುರ ಒಂದು. ಸ್ಮಶಾನದ ನೆಲ ಕಾಲಾಂತರದಲ್ಲಿ ಕಾನೂನು ಕಾಲೇಜಿನ ಆವರಣವಾಯಿತು.

4

ಮಗ ಸತ್ತಾಗ ಎಲಿಹು ಮದರಾಸಿನ ಗವರ್ನರ್ ಆಗಿದ್ದನು. 1687ರಲ್ಲಿ ಅಧಿಕಾರಕ್ಕೆ ಬಂದ ಅವನ ಐದು ವರ್ಷಗಳ ಆಡಳಿತ ದಕ್ಷಿಣ ಭಾರತದ ಇತಿಹಾಸದ ಒಂದು ಸಂಧಿಕಾಲಕ್ಕೆ ಸೇರಿದೆ. ಆ ವರ್ಷವೇ ಗೋಲ್ಕೊಂಡ ಔರಂಗಜೇಬನ ವಶವಾಯಿತು. 1688ರಲ್ಲಿ ಮದರಾಸಿನ ನಗರಸಭೆ ಅಸ್ತಿತ್ವಕ್ಕೆ ಬಂದಿತು. ಅದರ ಮೊದಲ ಮೇಯರ್ ನಥಾನಿಯಲ್ ಹಿಗಿನ್ಸನ್ ಕೂಡ ನ್ಯೂ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಹಾರ್ವರ್ಡಿನಲ್ಲಿ ಓದಿದವನು. ಮುಂದೆ ಎಲಿಹುವಿನ ಸ್ಥಾನಕ್ಕೆ ಬಂದವನೂ ಅವನೇ. ಒಬ್ಬರ ಹಿಂದೊಬ್ಬರಂತೆ ಅಮೆರಿಕದಲ್ಲಿ ಹುಟ್ಟಿದ ಇಬ್ಬರು ಮದರಾಸನ್ನಾಳಿದರೆಂಬುದು ಗಮನಾರ್ಹ.

ಕನ್ನಡ ನಾಡಿನ ಇತಿಹಾಸ ಈ ಕಥೆಯನ್ನು ಮುಟ್ಟುವುದೂ ಇದೇ ಘಟ್ಟದಲ್ಲಿ. 1689ರಲ್ಲಿ ಸಂಭಾಜಿಯ ಹತ್ಯೆಯ ಅನಂತರ ಅವನ ತಮ್ಮ ರಾಜಾರಾಮ ಮೊಗಲರ ಕೈಯಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡಿದಾಗ ಕೆಳದಿಯ ರಾಣಿ ಚೆನ್ನಮ್ಮಾಜಿ ಅವನಿಗೆ ಆಶ್ರಯವಿತ್ತು ಮುಂದಕ್ಕೆ ಸಾಗಿಸಿದಳು. ಹಾಗೆ ಉಳಿದ ರಾಜಾರಾಮ ಜಿಂಜಿಯ ಕೋಟೆಯನ್ನು ಸೇರಿ ಅಲ್ಲಿಂದ ಮರಾಠಾ ರಾಜ್ಯವನ್ನು ನಡೆಸಿದನು. ಮೊಗಲರೊಡನೆ ಹೋರಾಡಲು ಜಿಂಜಿಗೆ ಹಣ ಬೇಕಾಗಿತ್ತು. ಕರಾವಳಿಯಲ್ಲಿ ಇನ್ನೊಂದು ಕೋಟೆ ಇಂಗ್ಲಿಷರಿಗೆ ಬೇಕಾಗಿತ್ತು. 1690ರಲ್ಲಿ ಕಡಲೂರಿನ ಬಳಿಯ ತೇವನಾಂಪಟ್ಟಣದ ಕೋಟೆಯನ್ನು ಎಲಿಹು ಕಂಪನಿಗಾಗಿ ಮರಾಠರಿಂದ ಕೊಂಡನು. ಕೋಟೆಯಿಂದ ಹಾರಿಸಿದ ಫಿರಂಗಿಯ ಗುಂಡು ಎಷ್ಟು ದೂರ ಬೀಳುವುದೋ ಅಷ್ಟು ನೆಲವೂ ಕೋಟೆಗೆ ಸೇರತಕ್ಕದ್ದೆಂಬ ಕರಾರಾಯಿತು. ಹಾಗೆ ಸೇರಿದ ಹಳ್ಳಿಗಳಿಗೆ ಗುಂಡು ಗ್ರಾಮಗಳೆಂಬ ಹೆಸರು ಬಂದಿತು. ಕೋಟೆಗೆ ಸೇಂಟ್ ಡೇವಿಡ್ ಎಂದು ನಾಮಕರಣವಾಯಿತು. ಸಂತ ಡೇವಿಡ್ ವೇಲ್ಸಿನ ಅಧಿದೈವತದಂತಿರುವವನು. ಎರಡು ವರ್ಷಗಳ ಹಿಂದೆ ಮಣ್ಣಾದ ಮಗನ ಹೆಸರೂ ಅದೇ.

ಈ ಆಡಳಿತದ ಇನ್ನೊಂದು ಮುಖವನ್ನು ಮರೆಮಾಡುವಂತಿಲ್ಲ. ಆ ವರ್ಷಗಳಲ್ಲಿ ಕರಾವಳಿಯನ್ನು ಬರಗಾಲ ಕಾಡಿತು. ಹಸಿವಿನಿಂದ ಕಂಗೆಟ್ಟ ಜನ ತಮ್ಮನ್ನೂ ಮಕ್ಕಳನ್ನೂ ಮಾರಿಕೊಳ್ಳುವ ಸ್ಥಿತಿ ಒದಗಿತು. ಅವರು ಹಡಗುಗಳಲ್ಲಿ ದೂರದೇಶಗಳಿಗೆ ಸಾಗಿಹೋದರು. 1687ರಲ್ಲಿ ಎಲಿಹುವಿನ ಅಧ್ಯಕ್ಷತೆಯ ಆಡಳಿತ ಮಂಡಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಹೊರಡುವ ಪ್ರತಿ ಹಡಗಿನಲ್ಲೂ ಕನಿಷ್ಠ ಹತ್ತು ಮಂದಿ ಗುಲಾಮರನ್ನು ಕಳುಹಿಸತಕ್ಕದ್ದೆಂದು ಆದೇಶಿಸಿತು. ಮರುವರ್ಷ ಅದೇ ಮಂಡಲಿ ಮದರಾಸಿನಿಂದ ಗುಲಾಮರ ರಫ್ತನ್ನು ನಿಷೇಧಿಸಿತು. ಮೊಗಲರ ಅಸಮ್ಮತಿ ಈ ನಿಷೇಧದ ಹಿಂದಿದ್ದುದರಿಂದ ಇದನ್ನು ಕರುಣೆಯ ಫಲವೆಂದು ಎಣಿಸುವುದು ಕಷ್ಟ. ಹಾಗೆ ಹಡಗು ಹತ್ತಿದವರಿಗೂ ತಂದೆತಾಯಿಗಳಿದ್ದರು, ಊರುಗಳಿದ್ದವು, ಕುಲಗಳಿದ್ದವು. ಕೋಟೆಯ ದಫ್ತರುಗಳಲ್ಲಿ ಅವರು ಕೇವಲ ಸಂಖ್ಯೆಗಳು.

ಹೆಂಡತಿ ಕ್ಯಾಥರೀನ್ 1689ರಲ್ಲಿ ಮಕ್ಕಳೊಡನೆ ಇಂಗ್ಲೆಂಡಿಗೆ ತೆರಳಿದಳು. ಆಮೇಲೆ ಎಲಿಹು ಜೆರೊನಿಮಾ ದ ಪೈವಾ ಎಂಬಾಕೆಯೊಡನೆ ಬದುಕಿದನು. ಆಕೆ ಮದರಾಸಿನಲ್ಲಿ ಮೃತನಾದ ಪೋರ್ಚುಗೀಸ್ ಮೂಲದ ಯಹೂದಿ ವಜ್ರವ್ಯಾಪಾರಿ ಜಾಕ್ ದ ಪೈವಾನ ವಿಧವೆ. ಅವರಿಗೆ ಚಾರ್ಲ್ಸ್ ಎಂಬ ಮಗ ಹುಟ್ಟಿದನು. ಯೇಲ್ ಎಂಬ ಹೆಸರು ಈ ಮಗನಿಗೆ ಸಿಗಲಿಲ್ಲ. ತಾಯಿಯೂ ಮಗನೂ ಮುಂದೆ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತಕ್ಕೆ ಹೋದರು. ಚಾರ್ಲ್ಸ್ ಎಳೆಯ ವಯಸ್ಸಿನಲ್ಲಿಯೇ ಅಲ್ಲಿ ತೀರಿಕೊಂಡನು. ಎಲಿಹುವಿನ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನಿಗೆ ಹೆಸರು ದಕ್ಕಿತು, ಆಯುಷ್ಯ ದಕ್ಕಲಿಲ್ಲ. ಇನ್ನೊಬ್ಬನಿಗೆ ಎರಡೂ ದಕ್ಕಲಿಲ್ಲ.

ಅಷ್ಟರಲ್ಲಿ ಮಂಡಲಿಯ ಸದಸ್ಯರೊಡನೆ ಎಲಿಹುವಿನ ವಿರಸ ಬೆಳೆದಿತ್ತು. ಅಧಿಕಾರವನ್ನು ಸ್ವಂತ ಲಾಭಕ್ಕೆ ಬಳಸಿದನೆಂಬ ದೂರುಗಳು ಲಂಡನ್ನನ್ನು ತಲುಪಿದವು. 1692ರಲ್ಲಿ ಕಂಪನಿ ಅವನನ್ನು ಪದಚ್ಯುತಗೊಳಿಸಿತು. ವಿಚಾರಣೆ, ಪ್ರತಿವಾದ, ಲೆಕ್ಕ ತಪಾಸಣೆಗಳ ಜಗ್ಗಾಟದಲ್ಲಿ ಇನ್ನೂ ಹಲವು ವರ್ಷ ಮದರಾಸಿನಲ್ಲಿಯೇ ಕಳೆದು, 1699ರಲ್ಲಿ ಅವನು ಇಂಗ್ಲೆಂಡಿಗೆ ಹೊರಟನು.

5

ಇಂಗ್ಲೆಂಡಿನಲ್ಲಿ ಎಲಿಹು ಲಂಡನ್ನಿನ ಕ್ವೀನ್ ಸ್ಕ್ವೇರ್ ಬಡಾವಣೆಯಲ್ಲಿಯೂ ವೇಲ್ಸಿನ ರೆಕ್ಸಮ್ ಬಳಿಯ ಪ್ಲಾಸ್ ಗ್ರೋನೋ ಎಂಬ ಮನೆತನದ ಮನೆಯಲ್ಲಿಯೂ ಬಾಳಿದನು. 1704ರಲ್ಲಿ ಡೆನ್ಬಿಶೈರಿನ ಶೆರಿಫ್ ಆದನು. 1717ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಚಿತ್ರಗಳು, ಆಭರಣಗಳು, ಪುಸ್ತಕಗಳು, ಪೀಠೋಪಕರಣಗಳು ಅವನ ಮನೆಯಲ್ಲಿ ರಾಶಿಯಾಗಿದ್ದವು. ಹೆಣ್ಣುಮಕ್ಕಳಲ್ಲಿ ಕ್ಯಾಥರೀನ್ ಡಡ್ಲಿ ನಾರ್ತ್ ಎಂಬವನನ್ನೂ, ಆ್ಯನ್ ಡೆವನ್ಶೈರಿನ ಡ್ಯೂಕನ ಮಗ ಲಾರ್ಡ್ ಜೇಮ್ಸ್ ಕ್ಯಾವೆಂಡಿಶನನ್ನೂ ಮದುವೆಯಾದರು. ಸಂಪತ್ತಿನ ಬಲದಿಂದ ವರ್ತಕನ ಮನೆ ಶ್ರೀಮಂತ ಕುಲೀನರೊಡನೆ ಬೀಗತನ ಬೆಳೆಸಿತು. ಆದರೆ ಯೇಲ್ ಎಂಬ ಹೆಸರು ಆ ಮನೆಗಳ ಹೊಸ್ತಿಲಲ್ಲೇ ನಿಂತಿತು.

ಗಂಡುಸಂತಾನವಿಲ್ಲದ ಎಲಿಹು ಹೆಸರನ್ನು ಉಳಿಸುವ ಚಿಂತೆಗೆ ಬಿದ್ದನು. ತಾನು ಮೂರು ವರ್ಷದವನಾಗಿದ್ದಾಗ ಬಿಟ್ಟುಬಂದ ನಾಡು ಅವನಿಗೆ ನೆನಪಾದದ್ದು ಆಗ. ಚಿಕ್ಕಪ್ಪ ತಾಮಸನ ಕವಲಿನಿಂದ ಹುಡುಗನೊಬ್ಬನನ್ನು ಕರೆಸಿಕೊಂಡು ಉತ್ತರಾಧಿಕಾರಿಯಾಗಿ ಮಾಡಿಕೊಳ್ಳುವ ಆಲೋಚನೆ ಅವನದಾಗಿತ್ತು. ಕನೆಕ್ಟಿಕಟ್ಟಿನಿಂದ ಡೇವಿಡ್ ಯೇಲ್ ಎಂಬ ತರುಣ ಲಂಡನ್ನಿಗೆ ಬಂದದ್ದೂ ಉಂಟು. ಮಡಿದ ಮಗನ ಹೆಸರೇ ಅವನದು. ಆದರೆ ದತ್ತಕದಂತಿದ್ದ ಈ ಏರ್ಪಾಡು ನೆರವೇರಲಿಲ್ಲ; ತರುಣ ತನ್ನ ಊರಿಗೆ ಮರಳಿದನು.

ಈ ಸುದ್ದಿಯನ್ನು ಆಸಕ್ತಿಯಿಂದ ಗಮನಿಸಿದವನು ನ್ಯೂ ಇಂಗ್ಲೆಂಡಿನ ವಸಾಹತುಗಳ ಪರವಾಗಿ ಲಂಡನ್ನಿನಲ್ಲಿದ್ದ ಪ್ರತಿನಿಧಿ ಜೆರಮಾಯ ಡಮ್ಮರ್. ಕನೆಕ್ಟಿಕಟ್ಟಿನ ಪಾದ್ರಿಗಳು 1701ರಲ್ಲಿ ಒಂದು ವಿದ್ಯಾಶಾಲೆಯನ್ನು ಆರಂಭಿಸಿದ್ದರು. ಸ್ವಂತ ಕಟ್ಟಡವಿಲ್ಲ, ಸಾಕಷ್ಟು ಹಣವಿಲ್ಲ, ಯಾವ ಊರಿನಲ್ಲಿರಬೇಕೆಂಬ ಬಗ್ಗೆ ಒಮ್ಮತವೂ ಇಲ್ಲ. 1711ರಲ್ಲಿಯೇ ಡಮ್ಮರ್ ವಾರಸುದಾರನಿಲ್ಲದ ಈ ಸಿರಿವಂತನ ವಿಷಯವನ್ನು ಶಾಲೆಯ ಧರ್ಮದರ್ಶಿಗಳಿಗೆ ಬರೆದು ತಿಳಿಸಿದನು. ಎಲಿಹು ಮೊದಲು ಕೆಲವು ಪುಸ್ತಕಗಳನ್ನಷ್ಟೇ ಕೊಟ್ಟನು. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದ ತಾನು ಭಿನ್ನಮತೀಯರ ಶಾಲೆಗೆ ನೆರವಾಗುವುದು ಸರಿಯೆ ಎಂಬ ಸಂಶಯ ಅವನಲ್ಲಿತ್ತು. ತನ್ನ ಅಜ್ಜಿಯನ್ನು ಬಹಿಷ್ಕರಿಸಿದ್ದು, ತನ್ನ ತಂದೆಯನ್ನು ಬೇಸರಪಡಿಸಿದ್ದು ಆ ಪಂಥದವರೇ. ಶಾಲೆ ಬಂದು ನೆಲೆಸಿದ್ದು ಅಜ್ಜಿಗೆ ಬಹಿಷ್ಕಾರ ಹಾಕಿದ ನ್ಯೂ ಹೇವನ್ನಿನಲ್ಲಿಯೇ.

1718ರ ಜನವರಿಯಲ್ಲಿ ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್ ಎಲಿಹುವಿಗೆ ಪತ್ರ ಬರೆದನು. ಕಟ್ಟಲಾಗುತ್ತಿರುವ ವಿದ್ಯಾಶಾಲೆಗೆ ಯೇಲನ ಹೆಸರಿಟ್ಟರೆ ಅದು ಮಕ್ಕಳ ಹೆಸರಿಗಿಂತ ಮಿಗಿಲಾದ ಸ್ಮರಣೆಯಾಗುವುದು, ಈಜಿಪ್ಟಿನ ಪಿರಮಿಡ್ಡಿಗಿಂತಲೂ ಶ್ರೇಷ್ಠವಾದುದಾಗುವುದು ಎಂಬುದು ಪತ್ರದ ಸಾರ. ಮಗನನ್ನು ಕಳೆದುಕೊಂಡು ಮೂವತ್ತು ವರ್ಷ ಕಳೆದಿದ್ದ ಮುದುಕನಿಗೆ ಇದಕ್ಕಿಂತ ನೇರವಾಗಿ ನಾಟುವ ಮಾತನ್ನು ಹುಡುಕುವುದು ಕಷ್ಟವಾಗಿತ್ತು. ಅದೇ ವರ್ಷ ಅವನು ಒಂಬತ್ತು ಮೂಟೆ ಸರಕು, 417 ಪುಸ್ತಕಗಳು ಮತ್ತು ಒಂದನೆಯ ಜಾರ್ಜ್ ದೊರೆಯ ಭಾವಚಿತ್ರವನ್ನು ಕಳುಹಿಸಿದನು. ಮೂಟೆಗಳಲ್ಲಿ ಕ್ಯಾಲಿಕೊ, ಮಸ್ಲಿನ್ ಮೊದಲಾದ ಬಟ್ಟೆಗಳಿದ್ದವು. ಅವನ್ನು ಮಾರಿ ಬಂದ ಹಣ 562 ಪೌಂಡು 12 ಶಿಲಿಂಗು. ಆ ಸೆಪ್ಟೆಂಬರಿನ ಪದವಿದಾನ ಸಮಾರಂಭದಲ್ಲಿ ಶಾಲೆಗೆ ಯೇಲ್ ಕಾಲೇಜ್ ಎಂದು ಹೆಸರಿಡಲಾಯಿತು. ಹಳೆಯ ನೆಲೆಯಾದ ಸೇಬ್ರೂಕಿನ ಜನ ಪುಸ್ತಕಗಳನ್ನು ಬಿಟ್ಟುಕೊಡಲೊಪ್ಪದೆ ಬಂಡಿಗಳನ್ನು ಕೆಡಿಸಿ ಸೇತುವೆಗಳನ್ನು ಮುರಿದರು. ಗಲಭೆಯಲ್ಲಿ ಹಲವು ಪುಸ್ತಕಗಳು ಕಳೆದುಹೋದವು. ಹೆಸರು ಮಾತ್ರ ನಿಂತಿತು. 1745ರ ಸನ್ನದು ಅದನ್ನು ಸ್ಥಿರಪಡಿಸಿತು. 1887ರಲ್ಲಿ ಅದು ವಿಶ್ವವಿದ್ಯಾನಿಲಯದ ಹೆಸರಾಯಿತು. ಉತ್ತರಾಧಿಕಾರಿಯಾಗದೆ ಹಿಂದಿರುಗಿದ್ದ ದಾಯಾದಿ ಡೇವಿಡ್‌ನಿಗೆ ಆ ಕಾಲೇಜೇ 1724ರಲ್ಲಿ ಗೌರವ ಪದವಿಯನ್ನು ಕೊಟ್ಟಿತು.

6

ಎಲಿಹು 1721ರ ಜುಲೈ 8ರಂದು ಲಂಡನ್ನಿನಲ್ಲಿ ನಿಧನನಾದನು. ದೇಹವನ್ನು ರೆಕ್ಸಮಿಗೆ ಒಯ್ದು ಸೇಂಟ್ ಗೈಲ್ಸ್ ಚರ್ಚಿನ ಅಂಗಳದಲ್ಲಿ ಹೂಳಲಾಯಿತು. ಅವನ ಉಯಿಲು ಪೂರ್ಣಗೊಂಡಿರಲಿಲ್ಲ. ಕಾಲೇಜಿಗೆ ಇನ್ನೂ 500 ಪೌಂಡು ಕೊಡುವ ಉದ್ದೇಶವಿದ್ದರೂ ಆ ಹಣ ಕಾಲೇಜನ್ನು ತಲುಪಲಿಲ್ಲ. ಮನೆಯಲ್ಲಿ ಶೇಖರವಾಗಿದ್ದ ಸಾವಿರಾರು ವಸ್ತುಗಳು ಒಂದಾದ ಮೇಲೊಂದು ಹರಾಜಿನಲ್ಲಿ ಹಂಚಿಹೋದವು. ಮದುವೆಯಾಗದೆ ಉಳಿದಿದ್ದ ಕಿರಿಯ ಮಗಳು ಅರ್ಸುಲಾ ಕೂಡ ಅದೇ ವರ್ಷ ತೀರಿಕೊಂಡಳು.

ಮುಂದಿನ ಕಾಲದಲ್ಲಿ ಈ ವಂಶವನ್ನು ಹುಡುಕಿದವರು ಹಲವರು. 1908ರಲ್ಲಿ ರಾಡ್ನಿ ಹೊರೇಸ್ ಯೇಲ್ ಅಮೆರಿಕದ ಯೇಲ್ ಮನೆತನದ ವಂಶಾವಳಿಯನ್ನು ವೇಲ್ಸಿನ ಚರಿತ್ರೆಯೊಡನೆ ಸೇರಿಸಿ ಪ್ರಕಟಿಸಿದನು. ಅದು ಮನೆತನವನ್ನು ವೇಲ್ಸಿನ ಪ್ರಾಚೀನ ರಾಜಕುಲಗಳವರೆಗೆ ಒಯ್ಯುತ್ತದೆ. ನಮ್ಮ ಶಾಸನಕವಿಗಳು ಅರಸರನ್ನು ಚಂದ್ರವಂಶಕ್ಕೂ ಯದುಕುಲಕ್ಕೂ ಜೋಡಿಸಿದ್ದನ್ನು ಬಲ್ಲವರಿಗೆ ಇಂತಹ ಆಸೆ ಅಪರಿಚಿತವಲ್ಲ. 1913ರಲ್ಲಿ ಎಚ್. ಡಿ. ಲವ್ ಮದರಾಸಿನ ಕೋಟೆಯ ದಾಖಲೆಗಳನ್ನು ಸೋಸಿ ಬರೆದ ಮೂರು ಸಂಪುಟಗಳ ಚರಿತ್ರೆಯಿಂದ ಎಲಿಹುವಿನ ಆಡಳಿತದ ವಿವರಗಳು ಬೆಳಕಿಗೆ ಬಂದವು. 1939ರಲ್ಲಿ ಹೈರಮ್ ಬಿಂಗಮ್ ಅವನ ಜೀವನಚರಿತ್ರೆಯನ್ನು ಬರೆದನು. ಪೆರುವಿನ ಮಾಚು ಪಿಚುವನ್ನು ಜಗತ್ತಿಗೆ ಪರಿಚಯಿಸಿದವನು ಇವನೇ. ಇವರು ಹುಡುಕಿದ್ದು ಮುಖ್ಯವಾಗಿ ಹೆಸರಿದ್ದವರನ್ನು.

ಇಪ್ಪತ್ತೊಂದನೆಯ ಶತಮಾನದಲ್ಲಿ ಹುಡುಕಾಟದ ದಿಕ್ಕು ಬದಲಾಯಿತು. ಸುಮಾರು 1719ರಲ್ಲಿ ರಚಿತವಾದ ಒಂದು ವರ್ಣಚಿತ್ರ ಅದಕ್ಕೆ ನಿಮಿತ್ತವಾಯಿತು. ಅದರಲ್ಲಿ ಎಲಿಹು ತನ್ನ ಬಂಧುಗಳೊಡನೆ ಮೇಜಿನ ಸುತ್ತ ಕುಳಿತಿದ್ದಾನೆ. ಹಿಂದೆ ಮಕ್ಕಳು ಆಡುತ್ತಿದ್ದಾರೆ. ಪಕ್ಕದಲ್ಲಿ ಕೊರಳಿಗೆ ಬೀಗ ಹಾಕಿದ ಲೋಹದ ಪಟ್ಟಿ ತೊಟ್ಟ ಕಪ್ಪು ಹುಡುಗನೊಬ್ಬ ಸೇವೆಗೆ ನಿಂತಿದ್ದಾನೆ. ಯೇಲ್ ವಿಶ್ವವಿದ್ಯಾನಿಲಯದ ಬ್ರಿಟಿಷ್ ಕಲಾಕೇಂದ್ರ 2020ರಲ್ಲಿ ಈ ಚಿತ್ರವನ್ನು ಗೋಡೆಯಿಂದ ಇಳಿಸಿ, ಆ ಹುಡುಗ ಯಾರೆಂಬುದನ್ನು ಶೋಧಿಸಲು ವಿದ್ವಾಂಸರನ್ನು ನಿಯೋಜಿಸಿತು. ಬಟ್ಟೆಗಳು, ಬಣ್ಣ, ಕುಳಿತವರ ಗುರುತು, ಇವುಗಳ ಬಗ್ಗೆ ಹೆಚ್ಚಿನ ತಿಳಿವಳಿಕೆ ದೊರೆಯಿತು. ಹುಡುಗನ ಹೆಸರು ದೊರೆಯಲಿಲ್ಲ. 2022ರಲ್ಲಿ ಚಿತ್ರವನ್ನು ಹೊಸ ವಿವರಣೆಯೊಡನೆ ಮತ್ತೆ ತೂಗುಹಾಕಲಾಯಿತು. 2024ರ ಫೆಬ್ರವರಿಯಲ್ಲಿ ವಿಶ್ವವಿದ್ಯಾನಿಲಯ ಗುಲಾಮಗಿರಿಯೊಡನೆ ತನಗಿದ್ದ ಸಂಬಂಧಗಳ ವಿಸ್ತಾರವಾದ ಚರಿತ್ರೆಯನ್ನು ಪ್ರಕಟಿಸಿ ಕ್ಷಮೆ ಯಾಚಿಸಿತು.

ಮದರಾಸಿನ ಮೊನಚುಗೋಪುರದ ಕಥೆಯೂ ಮುಂದುವರಿಯಿತು. ಬ್ರಿಟಿಷರ ಕಾಲದಲ್ಲಿಯೇ ಸಂರಕ್ಷಿತ ಸ್ಮಾರಕವೆನಿಸಿದ್ದ ಅದನ್ನು ಉಚ್ಚ ನ್ಯಾಯಾಲಯದ ಆವರಣದಿಂದ ಬೇರೆಡೆಗೆ ಸಾಗಿಸಬೇಕೆಂಬ ಪ್ರಶ್ನೆ ವ್ಯಾಜ್ಯವಾಗಿ, 2023ರಲ್ಲಿ ನ್ಯಾಯಾಲಯ ಸ್ಥಳಾಂತರಕ್ಕೆ ಆದೇಶ ನೀಡಿತು. ವಾಹನಗಳನ್ನು ನಿಲ್ಲಿಸುವ ಕಟ್ಟಡಕ್ಕೆ ಜಾಗ ಬೇಕೆಂಬುದು ವಾದದ ಮೂಲ. ಸ್ಮಾರಕದ ಮಹತ್ತ್ವದ ಬಗ್ಗೆ ಎರಡೂ ಪಕ್ಷಗಳು ವಾದಿಸಿದವು. ಆದರೆ ಅಲ್ಲಿ ಮಲಗಿರುವವನು ಆಳಿದವನೂ ಅಲ್ಲ, ಮಾರಿದವನೂ ಅಲ್ಲ, ದಾನ ಕೊಟ್ಟವನೂ ಅಲ್ಲ. ನಾಲ್ಕು ವರ್ಷ ತುಂಬದ ಮಗು.

ಎಲಿಹುವಿನ ವಂಶಾವಳಿಯನ್ನು ಗಂಡುಸಂತತಿಯ ಎಳೆಯಲ್ಲಿ ಬರೆದರೆ ಅದು ಆ ಮಗುವಿನಲ್ಲಿ ಮುಗಿಯುತ್ತದೆ. ಹೆಣ್ಣುಮಕ್ಕಳ ಎಳೆಯಲ್ಲಿ ಬರೆದರೆ ಬೇರೆ ಹೆಸರುಗಳಡಿಯಲ್ಲಿ ಸಾಗುತ್ತದೆ. ಹೆಸರಿನ ಎಳೆಯಲ್ಲಿ ಬರೆದರೆ ಮೂರು ಶತಮಾನಗಳಿಂದ ಅಲ್ಲಿ ಓದಿ ಹೊರಬಂದವರೆಲ್ಲ ಅದರೊಳಗೆ ಬರುತ್ತಾರೆ. ಕೋರಮಂಡಲದ ಬಟ್ಟೆ ನೇಯ್ದವರು, ಗೋಲ್ಕೊಂಡದ ಗಣಿಗಳಲ್ಲಿ ಅಗೆದವರು, ಸೇಂಟ್ ಹೆಲೆನಾದ ಹಡಗು ಹತ್ತಿದವರು, ಕೊರಳಪಟ್ಟಿಯ ಹುಡುಗ, ಇವರನ್ನು ಸೇರಿಸಿಕೊಳ್ಳುವ ವಂಶಾವಳಿ ಇನ್ನೂ ಬರೆಯಲ್ಪಡಬೇಕಾಗಿದೆ. ಅದಕ್ಕೆ ಬೇಕಾದ ದಾಖಲೆಗಳ ಒಂದು ಭಾಗ ಚೆನ್ನೈನ ದಫ್ತರಖಾನೆಯಲ್ಲಿದೆ. ಇನ್ನೊಂದು ಭಾಗ ದಕ್ಷಿಣದ ಭಾಷೆಗಳ ಕಡತಗಳಲ್ಲಿಯೂ ಶಾಸನಗಳಲ್ಲಿಯೂ ಹುಡುಕುವವರಿಗಾಗಿ ಕಾದಿದೆ.